ಕಮಿಟ್ ಆಗದ ಕೋಡ್ ಉಳಿಸಿಕೊಳ್ಳಬೇಕಾ? ಎರಡು ಫೋಲ್ಡರ್ ಅಕ್ಕಪಕ್ಕ ಇಟ್ಟು ನೋಡಿ

ಕೋಡಿನ ಒಂದೊಂದು ಹಂತವನ್ನೂ ದಾಖಲಿಸಿಡುವ ಗಿಟ್ ಇದೆಯಲ್ಲ, ಕೋಡ್ ಎಲ್ಲಿಗೆ ಹೋಗುತ್ತದೆ ಅನ್ನುವ ಧೈರ್ಯ ನಮ್ಮಲ್ಲಿ ಜಾಸ್ತಿ. ಆದರೆ ಗಿಟ್ ಕಾಯುವುದು ನೀವು ಅದರ ಕೈಗೆ ಕೊಟ್ಟದ್ದನ್ನು ಮಾತ್ರ, ಹಾಗೆ ಕೊಡುವುದಕ್ಕೇ ಕಮಿಟ್ ಅನ್ನುವುದು. ಬೆಳಗ್ಗೆಯಿಂದ ಕೂತು ತಿದ್ದಿದ ಫೈಲುಗಳು ಕಮಿಟ್ ಆಗದೆ ಹಾಗೇ ಬಿದ್ದಿದ್ದರೆ, ಅವುಗಳ ಒಂದೇ ಒಂದು ಪ್ರತಿ ಇರುವುದು ನಿಮ್ಮ ಡಿಸ್ಕಿನಲ್ಲಿ. ಹೋದರೆ ಹೋಯಿತು. ಗಿಟ್‌ನ ದಿನಚರಿಯಂತಿರುವ ರಿಫ್‌ಲಾಗ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ, ಅದಕ್ಕೆ ಗೊತ್ತಿರುವುದು ಕಮಿಟ್‌ಗಳ ಓಡಾಟ ಅಷ್ಟೇ.

ಕಮಿಟ್ ಮಾಡಿಬಿಟ್ಟರೆ ಆಯ್ತಲ್ಲ ಅಂತೀರಾ? ಮಾಡಲು ಆಗುವುದಾದರೆ ಖಂಡಿತ ಮಾಡಿ. ಸ್ವಂತ ಬ್ರಾಂಚ್ (ಕೋಡಿನ ಬೇರೆ ಕವಲು) ತೆಗೆದು ಅರೆಬರೆ ಕೆಲಸವನ್ನೇ ಕಮಿಟ್ ಮಾಡಿ ಪುಶ್ ಮಾಡಿದರೆ, ಅಂದರೆ ಸರ್ವರಿಗೆ ಕಳಿಸಿದರೆ, ಮುಂದಿನದ್ದು ಓದುವುದೇ ಬೇಡ. ಆಗದ ಸಂದರ್ಭಗಳೂ ಇರುತ್ತವೆ. ಮಂಡ್ಯದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಆಫೀಸಿನವರು ಶನಿವಾರ ಫೋನ್ ಮಾಡಿ, ಸೋಮವಾರ ಲ್ಯಾಪ್‌ಟಾಪ್ ಬದಲಾಯಿಸುತ್ತೇವೆ ತನ್ನಿ ಅನ್ನುತ್ತಾರೆ, ಆ ಹೊತ್ತಿಗೆ ಸರಿಯಾಗಿ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹತ್ತುವುದಿಲ್ಲ. ಇಲ್ಲವೇ ಕೆಲಸದ ಮಧ್ಯೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆಗಿ, ಗಿಟ್ ತನ್ನ ದಾಖಲೆ ಇಡುವ ಡಾಟ್ ಗಿಟ್ ಫೋಲ್ಡರಿನ ಒಳಗಿನ ಒಂದು ಫೈಲು ಖಾಲಿಯಾಗಿ ಕೂತಿರುತ್ತದೆ, ಯಾವ ಕಮಾಂಡ್ ಕೊಟ್ಟರೂ ಗಿಟ್ ಎರರ್ ಹೇಳುತ್ತದೆ. ಇನ್ನೊಂದಂತೂ ಮೈಸೂರಿನಲ್ಲಿ ಕುವೆಂಪುನಗರ, ಸರಸ್ವತಿಪುರಂ ಕಡೆ ಮನೆ ಮಹಡಿಯಲ್ಲಿ ನಡೆಯುವ ಸಣ್ಣ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮಾಮೂಲು. ಕಸ್ಟಮರ್ ಅರ್ಜೆಂಟ್ ಅಂದರು ಅಂತ ಯಾರೋ ನೇರವಾಗಿ ಸರ್ವರ್ ಮೇಲೇ ಪಿಎಚ್‌ಪಿ ಫೈಲು ತಿದ್ದಿರುತ್ತಾರೆ, ಅಲ್ಲಿ ಗಿಟ್ ಅನ್ನುವುದೇ ಇರುವುದಿಲ್ಲ.

ಇಂಥ ಕಡೆ ಕೈ ಹಿಡಿಯುವುದು ಫೋಲ್ಡರ್ ಹೋಲಿಸುವ ಟೂಲ್. ಎಡಗಡೆ ಯಾರೂ ಮುಟ್ಟದ ಶುದ್ಧ ಪ್ರತಿ, ಬಲಗಡೆ ನಿಮ್ಮ ಕೆಲಸದ ಫೋಲ್ಡರ್. ಎರಡರಲ್ಲಿ ಏನು ಬೇರೆಯಾಗಿ ಕಾಣುತ್ತದೋ ಅದು ನಿಮ್ಮ ಕೆಲಸ. ಇದು ಹೊಸ ಉಪಾಯವೇನಲ್ಲ. ವ್ಯತ್ಯಾಸ ತೋರಿಸುವ ಡಿಫ್ ಅನ್ನುವ ಪ್ರೋಗ್ರಾಂ 1974ರ ಯುನಿಕ್ಸ್‌ನಲ್ಲೇ ಇತ್ತು, ಆ ವ್ಯತ್ಯಾಸವನ್ನು ಇನ್ನೊಂದು ಪ್ರತಿಗೆ ಸೇರಿಸುವ ಲ್ಯಾರಿ ವಾಲ್ ಅವರ ಪ್ಯಾಚ್ ಬಂದದ್ದು 1985ರಲ್ಲಿ. ಗಿಟ್ ಹುಟ್ಟಿದ್ದು 2005ರಲ್ಲಿ. ಲಿನಕ್ಸ್ ಕರ್ನಲ್ ಶುರುವಿನ ಹತ್ತು ವರ್ಷ ಬೆಳೆದದ್ದೇ ಈ ಡಿಫ್, ಪ್ಯಾಚ್ ಜೋಡಿಯನ್ನು ನಂಬಿಕೊಂಡು.

ಮೊದಲು ಒಂದು ಕಾಪಿ, ಆಮೇಲೆ ಉಳಿದದ್ದು

ಏನಾದರೂ ಎಡವಟ್ಟಾಗಿದೆ ಅನ್ನಿಸಿದ ಕೂಡಲೇ ಗಿಟ್ ರೀಸೆಟ್, ಗಿಟ್ ರಿಸ್ಟೋರ್, ಗಿಟ್ ಕ್ಲೀನ್ ಅಂತ ಟೈಪ್ ಮಾಡಲು ಹೋಗಬೇಡಿ. ಅದರಲ್ಲೂ ಗಿಟ್ ಕ್ಲೀನ್‌ಗೆ ಎಕ್ಸ್ ಅನ್ನುವ ಆಪ್ಷನ್ ಸೇರಿಸಿ ಹೊಡೆದರೆ ಗಿಟ್ ಗಮನಿಸಬೇಡ ಅಂತ ನೀವು ಬರೆದಿಟ್ಟ ಇಗ್ನೋರ್ ಪಟ್ಟಿಯಲ್ಲಿರುವ ಫೈಲುಗಳೂ ಹೋಗುತ್ತವೆ, ರಿಸೈಕಲ್ ಬಿನ್‌ಗೂ ಬರುವುದಿಲ್ಲ. ಮೊದಲು ಇಡೀ ಪ್ರಾಜೆಕ್ಟ್ ಫೋಲ್ಡರನ್ನು, ಡಾಟ್ ಗಿಟ್ ಸಮೇತ, ಬೇರೆ ಜಾಗಕ್ಕೆ ಕಾಪಿ ಮಾಡಿ. ಹೊರಗಿನ ಲೈಬ್ರರಿಗಳು ಕೂರುವ ನೋಡ್ ಮಾಡ್ಯೂಲ್ಸ್‌ನಂಥ ದೊಡ್ಡ ಫೋಲ್ಡರ್ ಬಿಡಬಹುದು, ಅದು ಮತ್ತೆ ಇನ್‌ಸ್ಟಾಲ್ ಆಗುತ್ತದೆ. ಆಫೀಸಿನ ಕೋಡ್ ಆದರೆ ಪೆನ್‌ಡ್ರೈವ್‌ಗೆ, ಸ್ವಂತ ಗೂಗಲ್ ಡ್ರೈವ್‌ಗೆ ಹಾಕುವ ಮುಂಚೆ ಕಂಪನಿ ನಿಯಮ ಏನಿದೆ ಅಂತ ಕೇಳಿಕೊಳ್ಳಿ, ಇದೊಂದು ವಿಷಯಕ್ಕೆ ಕೆಲಸ ಕಳೆದುಕೊಳ್ಳುವುದು ಬೇಡ. ಪಾಸ್‌ವರ್ಡ್ ಇರುವ ಫೈಲನ್ನು ನಮಗೆ ನಾವೇ ವಾಟ್ಸಾಪ್ ಮಾಡಿಕೊಳ್ಳುವ ಚಟವೂ ಒಳ್ಳೆಯದಲ್ಲ.

ಟೂಲ್ ಯಾವುದು ಅಂದರೆ, ವಿಂಡೋಸ್‌ನಲ್ಲಿ ವಿನ್‌ಮರ್ಜ್ ಸಾಕು, ದುಡ್ಡು ಕೊಡಬೇಕಿಲ್ಲ. ಲಿನಕ್ಸ್‌ನಲ್ಲಿ ಮೆಲ್ಡ್ ಚೆನ್ನಾಗಿದೆ. ಕೆಡಿಫ್3 ನೋಡಲು ಹಳೇ ಕಾಲದ್ದು, ಆದರೆ ಮೂರು ಫೈಲು ಒಟ್ಟಿಗೆ ನೋಡುವುದರಲ್ಲಿ ಗಟ್ಟಿ. ಬಿಯಾಂಡ್ ಕಂಪೇರ್‌ಗೆ ದುಡ್ಡು ಕೊಡಬೇಕು, ದಿನಾ ಇದೇ ಕೆಲಸ ಇರುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮುಂದೆ ನಾನು ವಿನ್‌ಮರ್ಜ್ ಇಟ್ಟುಕೊಂಡು ಹೇಳುತ್ತೇನೆ, ಉಳಿದವುಗಳಲ್ಲೂ ಹೆಚ್ಚೂ ಕಡಿಮೆ ಹೀಗೇ.

ಶುದ್ಧ ಪ್ರತಿ ಎಲ್ಲಿಂದ ತರುವುದು

ತುಂಬಾ ಜನ ಎಡವುವುದು ಇಲ್ಲೇ. ಶುದ್ಧ ಪ್ರತಿ ಅಂದರೆ ಎಲ್ಲರ ಕೆಲಸ ಸೇರುವ ಈಗಿನ ಮೇನ್ ಬ್ರಾಂಚ್ ಅಲ್ಲ. ನೀವು ಯಾವ ಕಮಿಟ್ ಮೇಲೆ ಕೂತು ಕೆಲಸ ಶುರು ಮಾಡಿದ್ದಿರೋ ಅದೇ ಕಮಿಟ್. ನಡುವೆ ಬೇರೆಯವರು ಪುಶ್ ಮಾಡಿದ್ದರೆ, ಮೇನ್ ಜೊತೆ ಹೋಲಿಸಿದಾಗ ಅವರ ಕೆಲಸವೂ ನಿಮ್ಮ ವ್ಯತ್ಯಾಸದ ಪಟ್ಟಿಗೆ ಬಂದು ಕೂರುತ್ತದೆ. ಅದೂ ತಲೆಕೆಳಗಾಗಿ, ಅವರು ಸೇರಿಸಿದ ಸಾಲನ್ನು ನೀವು ಅಳಿಸಿದ ಹಾಗೆ.

ಗಿಟ್ ಸರಿಯಾಗಿ ಓಡುತ್ತಿದ್ದರೆ ಸುಲಭ. ಗಿಟ್ ವರ್ಕ್‌ಟ್ರೀ ಆಡ್ ಅಂತ ಟೈಪ್ ಮಾಡಿ, ಆಮೇಲೆ ಎರಡು ಹೈಫನ್ ಹಾಕಿ ಡಿಟ್ಯಾಚ್, ಆಮೇಲೆ ಹೊಸ ಫೋಲ್ಡರಿನ ಪಾತ್, ಕೊನೆಗೆ ದೊಡ್ಡಕ್ಷರದಲ್ಲಿ ಹೆಡ್, ಅಂದರೆ ನೀವು ಈಗ ನಿಂತಿರುವ ಕಮಿಟ್. ಪಕ್ಕದಲ್ಲೇ ಅದೇ ಕಮಿಟ್‌ನ ಶುದ್ಧ ಫೋಲ್ಡರ್ ರೆಡಿ. ಸರ್ವರಿನಿಂದ ಇಡೀ ಪ್ರತಿ ಇಳಿಸಿಕೊಳ್ಳುವ ಕ್ಲೋನ್ ಮತ್ತೆ ಮಾಡುವುದೂ ಬೇಡ, ನೆಟ್ಟೂ ಬೇಡ. ರೈಲಿನಲ್ಲಿ ಕೂತು ನೆಟ್‌ವರ್ಕ್ ಹೋಗಿದ್ದರೂ ಇದು ನಡೆಯುತ್ತದೆ.

ಗಿಟ್ ಕೆಟ್ಟು ಕೂತಿದ್ದರೆ? ಹೊಸದಾಗಿ ಕ್ಲೋನ್ ಮಾಡಬೇಕು, ಆದರೆ ಯಾವ ಕಮಿಟ್ ಅಂತ ಗೊತ್ತಾಗಬೇಕಲ್ಲ. ಹಳೇ ಫೋಲ್ಡರಿನಲ್ಲಿ ಡಾಟ್ ಗಿಟ್ ಒಳಗೆ ಲಾಗ್ಸ್ ಅಂತ ಒಂದು ಫೋಲ್ಡರ್ ಇದೆ, ಅದರೊಳಗೆ ಹೆಡ್ ಅನ್ನುವ ಫೈಲು. ಅದು ಬರೀ ಟೆಕ್ಸ್ಟ್, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಕೊನೆಯ ಸಾಲು ನೋಡಿ. ಪ್ರತಿ ಸಾಲಿನಲ್ಲೂ ಮೊದಲಿಗೆ ಎರಡು ಉದ್ದನೆಯ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಇರುತ್ತವೆ, ಮೊದಲನೆಯದು ಎಲ್ಲಿಂದ ಬಂದಿರಿ ಅನ್ನುವುದು, ಎರಡನೆಯದು ಎಲ್ಲಿಗೆ ಬಂದಿರಿ ಅನ್ನುವುದು. ಆ ಎರಡನೆಯದೇ ನಿಮಗೆ ಬೇಕಾದದ್ದು. ಹೊಸ ಕ್ಲೋನ್‌ನಲ್ಲಿ ಆ ಹ್ಯಾಶ್ ಕೊಟ್ಟು ಚೆಕ್‌ಔಟ್ ಮಾಡಿ, ಆ ಕಮಿಟ್‌ನ ಫೈಲುಗಳು ಫೋಲ್ಡರಿಗೆ ಬರುತ್ತವೆ. ಪುಶ್ ಆಗದ ಕಮಿಟ್‌ಗಳಿದ್ದರೆ ಆ ಹ್ಯಾಶ್ ಅಲ್ಲಿ ಸಿಗುವುದಿಲ್ಲ. ಆಗ ಮೇಲಿನ ಸಾಲು, ಅದರ ಮೇಲಿನ ಸಾಲು ಅಂತ ಹತ್ತುತ್ತಾ ಹೋಗಿ, ಸಿಕ್ಕಿದ್ದರ ಜೊತೆ ಹೋಲಿಸಿ. ಪುಶ್ ಆಗದ ಕಮಿಟ್‌ನಲ್ಲಿದ್ದ ಕೆಲಸವೂ ವ್ಯತ್ಯಾಸದೊಳಗೇ ಬರುತ್ತದೆ, ನಷ್ಟವಿಲ್ಲ.

ವೆಬ್‌ಸೈಟಿನಿಂದ ಜಿಪ್ ಡೌನ್‌ಲೋಡ್ ಮಾಡುವ ಆಸೆ ಬೇಡ. ವಿಂಡೋಸ್‌ನಲ್ಲಿ ಗಿಟ್ ಸಾಮಾನ್ಯವಾಗಿ ಚೆಕ್‌ಔಟ್ ಮಾಡುವಾಗ ಸಾಲಿನ ಕೊನೆಯ ಗುರುತನ್ನು ವಿಂಡೋಸ್ ಶೈಲಿಗೆ ಬದಲಾಯಿಸಿಕೊಂಡಿರುತ್ತದೆ, ಜಿಪ್‌ನಲ್ಲಿ ಮಾತ್ರ ಯುನಿಕ್ಸ್ ಶೈಲಿಯೇ ಇರುತ್ತದೆ. ಹೋಲಿಸಿದರೆ ಒಂದಕ್ಷರ ಮುಟ್ಟದ ಫೈಲೂ ಬದಲಾಗಿದೆ ಅಂತ ಕಾಣುತ್ತದೆ. ಬೇರೆ ದಾರಿ ಇಲ್ಲದೆ ಜಿಪ್ಪೇ ಗತಿಯಾದರೆ, ವಿನ್‌ಮರ್ಜ್‌ನ ಆಪ್ಷನ್ಸ್‌ನಲ್ಲಿ ಕಂಪೇರ್ ಕೆಳಗೆ ಕ್ಯಾರೇಜ್ ರಿಟರ್ನ್ ವ್ಯತ್ಯಾಸ ಬಿಡು ಅನ್ನುವ ಟಿಕ್ ಹಾಕಿ.

ಹೋಲಿಸುವುದು

ವಿನ್‌ಮರ್ಜ್ ತೆರೆದು ಫೈಲ್ ಮೆನುವಿನಲ್ಲಿ ಓಪನ್, ಎಡಕ್ಕೆ ಶುದ್ಧ ಫೋಲ್ಡರ್, ಬಲಕ್ಕೆ ನಿಮ್ಮದು. ಒಳಗಿನ ಫೋಲ್ಡರುಗಳನ್ನೂ ಸೇರಿಸು ಅನ್ನುವ ಟಿಕ್ ಇದೆಯಾ ನೋಡಿಕೊಳ್ಳಿ. ಹೋಲಿಸುವ ವಿಧಾನ ಫುಲ್ ಕಂಟೆಂಟ್ಸ್ ಇರಲಿ. ತಾರೀಖು ನೋಡಿ ಹೋಲಿಸುವುದು ಬೇಗ ಮುಗಿಯುತ್ತದೆ ನಿಜ, ಆದರೆ ಗಿಟ್ ಫೈಲಿನ ಹಳೇ ತಾರೀಖು ಉಳಿಸಿಕೊಳ್ಳುವುದಿಲ್ಲ, ಚೆಕ್‌ಔಟ್ ಆದ ಗಳಿಗೆಯೇ ಫೈಲಿನ ತಾರೀಖು. ಈಗಷ್ಟೇ ಮಾಡಿದ ಶುದ್ಧ ಪ್ರತಿ ನಿಮ್ಮ ಕೆಲಸಕ್ಕಿಂತ ಹೊಸದು ಅಂತ ತೋರಿಸುತ್ತದೆ. ಅದನ್ನು ನಂಬಿ ಹೊಸದನ್ನು ಹಳೆಯದರ ಮೇಲೆ ಹಾಕು ಅಂದರೆ ಕೆಲಸವೇ ಕೈಬಿಟ್ಟ ಹಾಗೆ.

ಆಮೇಲೆ ಫಿಲ್ಟರ್. ಡಾಟ್ ಗಿಟ್, ನೋಡ್ ಮಾಡ್ಯೂಲ್ಸ್, ಬಿಲ್ಡ್, ಡಿಸ್ಟ್, ಟಾರ್ಗೆಟ್, ಪೈಥಾನ್ ಆದರೆ ವೆನ್ವ್ ಮತ್ತು ಪೈಕ್ಯಾಶ್, ಇವನ್ನೆಲ್ಲ ಹೊರಗಿಡಿ, ಇಲ್ಲದಿದ್ದರೆ ಪಟ್ಟಿ ಮುಗಿಯುವುದೇ ಇಲ್ಲ. ಆದರೆ ಪ್ರಾಜೆಕ್ಟಿನ ಗಿಟ್‌ಇಗ್ನೋರ್ ಪಟ್ಟಿಯನ್ನೇ ಪೂರ್ತಿ ತಂದು ಫಿಲ್ಟರ್ ಮಾಡಬೇಡಿ. ಪಾಸ್‌ವರ್ಡ್‌ನಂಥವು ಇರುವ ಡಾಟ್ ಇಎನ್‌ವಿ ಫೈಲು, ನಿಮ್ಮ ಲೋಕಲ್ ಸೆಟ್ಟಿಂಗ್, ಟೆಸ್ಟಿಗೆ ಅಂತ ಮಾಡಿಕೊಂಡ ಡೇಟಾ, ಇವು ಇಗ್ನೋರ್ ಪಟ್ಟಿಯಲ್ಲೇ ಇರುತ್ತವೆ, ಗಿಟ್ ಕಾಯುವ ಸಂಗ್ರಹದಲ್ಲಿ, ಅಂದರೆ ರೆಪೊದಲ್ಲಿ, ಎಲ್ಲೂ ಇರುವುದಿಲ್ಲ. ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಮೊದಲು ಬೇಕಾದದ್ದೇ ಅವು. ನನ್ನ ಮಟ್ಟಿಗೆ ಫೋಲ್ಡರ್ ಹೋಲಿಕೆಯ ದೊಡ್ಡ ಲಾಭ ಇದು. ಗಿಟ್ ಡಿಫ್‌ಗೆ ಹೊಸ ಫೈಲು ಕಾಣುವುದಿಲ್ಲ, ಕೆಲಸವನ್ನು ತಾತ್ಕಾಲಿಕವಾಗಿ ಎತ್ತಿಡುವ ಗಿಟ್ ಸ್ಟ್ಯಾಶ್ ಯು ಆಪ್ಷನ್ ಕೊಡದಿದ್ದರೆ ಹೊಸ ಫೈಲನ್ನು ಬಿಟ್ಟುಬಿಡುತ್ತದೆ, ಕೊಟ್ಟರೂ ಇಗ್ನೋರ್ ಆದದ್ದನ್ನು ತೆಗೆದುಕೊಳ್ಳುವುದಿಲ್ಲ. ಫೋಲ್ಡರ್ ಹೋಲಿಸುವ ಟೂಲ್‌ಗೆ ಈ ಭೇದವೇ ಇಲ್ಲ, ಡಿಸ್ಕಿನ ಮೇಲೆ ಇದ್ದರೆ ತೋರಿಸುತ್ತದೆ.

ವ್ಯೂ ಮೆನುವಿನಲ್ಲಿ ಒಂದೇ ಥರ ಇರುವ ಫೈಲುಗಳನ್ನು ತೋರಿಸು ಅನ್ನುವ ಟಿಕ್ ತೆಗೆದರೆ ಉಳಿಯುವುದು ಮೂರೇ ಬಗೆ. ಎರಡೂ ಕಡೆ ಇದ್ದು ಬದಲಾದದ್ದು, ಬಲಗಡೆ ಮಾತ್ರ ಇರುವುದು, ಎಡಗಡೆ ಮಾತ್ರ ಇರುವುದು. ಎಡಗಡೆ ಮಾತ್ರ ಇರುವುದು ಅಂದರೆ ನೀವು ಅಳಿಸಿದ ಫೈಲು. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಫೈಲು ಕಾಪಿ ಮಾಡಿದರೆ ಇರುವುದು ಬರುತ್ತದೆ, ಅಳಿಸಿದ್ದು ಬರುವುದಿಲ್ಲ. (ವರ್ಕ್‌ಟ್ರೀ ಮಾಡಿದ್ದರೆ ಡಾಟ್ ಗಿಟ್ ಅನ್ನುವ ಒಂದು ಸಣ್ಣ ಫೈಲೂ ಎಡಗಡೆ ಕಾಣಬಹುದು. ಅಲ್ಲಿ ಅದು ಫೋಲ್ಡರ್ ಅಲ್ಲ, ಫೈಲು. ಮುಟ್ಟಬೇಡಿ.)

ಒಂದೊಂದೇ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡುವುದನ್ನು ತಪ್ಪಿಸಬೇಡಿ. ಉದಾಹರಣೆಗೆ ಮಂಡ್ಯ ಕಡೆಯ ಒಂದು ಆಲೆಮನೆಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ತೂಕದಿಂದ ಖಾಲಿ ಟ್ರ್ಯಾಕ್ಟರ್ ತೂಕ ಕಳೆಯುವ ಫೈಲು ತೆರೆದರೆ, ಮೂರು ಕಡೆ ಹಳದಿ ಬಣ್ಣ. ಮೊದಲನೆಯದು ನಿಜವಾದ ಕೆಲಸ, ತೂಕ ಮೈನಸ್‌ಗೆ ಹೋದರೆ ಎರರ್ ಕೊಡುವ ಎರಡು ಸಾಲು. ಎರಡನೆಯದು ಏನು ಬರುತ್ತಿದೆ ನೋಡೋಣ ಅಂತ ಹಾಕಿದ ಕನ್ಸೋಲ್ ಲಾಗ್. ಮೂರನೆಯದು ಟೆಸ್ಟ್ ಮಾಡಲು ಬೆಲ್ಲದ ದರವನ್ನು ಕೈಯಲ್ಲೇ ಬರೆದುಬಿಟ್ಟ ಸಾಲು. ಮೊದಲನೆಯದು ಉಳಿಯಬೇಕು, ಎರಡನೆಯದು ಹೋದರೂ ಚಿಂತೆಯಿಲ್ಲ, ಮೂರನೆಯದು ಹೊರಗೆ ಹೋಗಲೇಬಾರದು, ರೈತರ ಬಿಲ್ ತಪ್ಪುತ್ತದೆ. ಆಲ್ಟ್ ಹಿಡಿದು ಕೆಳಗಿನ ಬಾಣ ಒತ್ತಿದರೆ ಮುಂದಿನ ವ್ಯತ್ಯಾಸಕ್ಕೆ ಹೋಗುತ್ತದೆ, ಆಲ್ಟ್ ಮತ್ತು ಎಡಬಾಣ ಒತ್ತಿದರೆ ಆ ತುಂಡು ಮಾತ್ರ ಬಲದಿಂದ ಎಡಕ್ಕೆ, ಅಂದರೆ ಶುದ್ಧ ಪ್ರತಿಗೆ ಹೋಗುತ್ತದೆ. ದಿಕ್ಕು ತಪ್ಪಿದರೆ ನಿಮ್ಮ ಕೆಲಸವೇ ಅಳಿಯುತ್ತದೆ, ಅದಕ್ಕೇ ಶುರುವಿನಲ್ಲಿ ಕಾಪಿ ಮಾಡಿಕೊಳ್ಳಿ ಅಂದದ್ದು.

ಕನ್ನಡ ಅಕ್ಷರ ಇರುವ ಫೈಲುಗಳಲ್ಲಿ ಒಂದು ವಿಚಿತ್ರ ಕಾಣಬಹುದು. ಎರಡೂ ಕಡೆ ತೋಟ ಅಂತಲೇ ಇರುತ್ತದೆ, ಆದರೂ ಟೂಲ್ ಬೇರೆ ಬೇರೆ ಅನ್ನುತ್ತದೆ. ಟೂಲ್ ಹೇಳುವುದು ಸರಿ. ಯುನಿಕೋಡ್‌ನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಒತ್ವ ಮತ್ತು ದೀರ್ಘ ಅಂತ ಬಿಡಿಸಿಯೂ ಇಡಬಹುದು, ಕಣ್ಣಿಗೆ ಎರಡೂ ಒಂದೇ. ಬೇರೆ ಬೇರೆ ಕೀಬೋರ್ಡ್ ಅಥವಾ ಫಾಂಟ್ ಕನ್ವರ್ಟರ್‌ನಿಂದ ಬಂದ ಪಠ್ಯದಲ್ಲಿ ಹೀಗೆ ಆಗಬಹುದು, ಕಣ್ಣಿಗೆ ಕಾಣದ ಜೋಡಕದ ಅಕ್ಷರಗಳೂ ಸೇರಿಕೊಂಡಿರಬಹುದು. ಆ ವ್ಯತ್ಯಾಸ ನೀವು ಬೇಕಂತ ಮಾಡಿದ್ದಲ್ಲ ಅಂದರೆ ಶುದ್ಧ ಪ್ರತಿಯಲ್ಲಿದ್ದದ್ದನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಒಳಗೆ ಹೆಸರು ಹುಡುಕಿದಾಗ ಸಿಗುವುದಿಲ್ಲ.

ಉಳಿಸಿಡುವುದು

ಮೂರು ದಾರಿ ಇವೆ. ನನಗೆ ಇಷ್ಟವಾದದ್ದು ಮೊದಲನೆಯದು. ಶುದ್ಧ ಫೋಲ್ಡರಿನಲ್ಲಿ ಗಿಟ್ ಇದ್ದೇ ಇದೆಯಲ್ಲ, ಅಲ್ಲೇ ಹೊಸ ಬ್ರಾಂಚ್ ಮಾಡಿ, ಬೇಕಾದ ಬದಲಾವಣೆಗಳನ್ನು ಮಾತ್ರ ಟೂಲ್‌ನಿಂದ ಬಲದಿಂದ ಎಡಕ್ಕೆ ತಳ್ಳಿ, ಕಮಿಟ್ ಮಾಡಿ. ಕೆಟ್ಟ ಫೋಲ್ಡರಿನಲ್ಲಿದ್ದ ಕೆಲಸ ಒಳ್ಳೆಯ ರೆಪೊಗೆ ಬಂತು. ಆದರೆ ವರ್ಕ್‌ಟ್ರೀ ಮಾಡಿದ್ದರೆ ಅದರ ಕಮಿಟ್ ಹೋಗಿ ಕೂರುವುದು ಅದೇ ಲ್ಯಾಪ್‌ಟಾಪಿನ ಮೂಲ ಡಾಟ್ ಗಿಟ್ ಒಳಗೆ. ಪುಶ್ ಆಗದೆ ಲ್ಯಾಪ್‌ಟಾಪ್ ಕೊಟ್ಟುಬಿಟ್ಟರೆ ಅದೂ ಜೊತೆಗೇ ಹೋಗುತ್ತದೆ.

ಎರಡನೆಯದು, ಪುಶ್ ಮಾಡಲು ಆಗದಿದ್ದರೆ ಫೈಲುಗಳನ್ನೇ ಎತ್ತಿಡಬೇಕು. ಬಿಯಾಂಡ್ ಕಂಪೇರ್‌ನಲ್ಲಿ ಬದಲಾದವನ್ನು ಸೆಲೆಕ್ಟ್ ಮಾಡಿ ಕಾಪಿ ಟು ಫೋಲ್ಡರ್ ಕೊಟ್ಟರೆ ಒಳಗಿನ ಫೋಲ್ಡರ್ ಜೋಡಣೆ ಹಾಗೇ ಉಳಿಸಿಕೊಂಡು ಕಾಪಿ ಮಾಡಬಹುದು. ಜೋಡಣೆ ಮುಖ್ಯ. ಇಂಡೆಕ್ಸ್ ಅನ್ನುವ ಹೆಸರಿನ ಫೈಲು ಒಂದು ಪ್ರಾಜೆಕ್ಟಿನಲ್ಲಿ ಎಷ್ಟು ಕಡೆ ಇರುತ್ತದೆ ಅಂತ ನಿಮಗೇ ಗೊತ್ತು. ಫೋಲ್ಡರಿಗೆ ತಾರೀಖು, ಬ್ರಾಂಚ್ ಹೆಸರು, ಹ್ಯಾಶ್‌ನ ಮೊದಲ ಏಳು ಅಕ್ಷರ ಸೇರಿಸಿ ಹೆಸರಿಡಿ, ಅಳಿಸಿದ ಫೈಲುಗಳ ಚೀಟಿಯನ್ನೂ ಒಳಗೇ ಹಾಕಿ. ಹ್ಯಾಶ್ ಇಲ್ಲದೆ ಎತ್ತಿಟ್ಟ ಕಾಪಿಗೆ ಅರ್ಧ ಬೆಲೆ, ಆಮೇಲೆ ಯಾವುದರ ಜೊತೆ ಹೋಲಿಸಬೇಕು ಅಂತಲೇ ತಿಳಿಯುವುದಿಲ್ಲ.

ಮೂರನೆಯದು ಪ್ಯಾಚ್, ಅಂದರೆ ವ್ಯತ್ಯಾಸಗಳನ್ನಷ್ಟೇ ಬರೆದಿಟ್ಟ ಫೈಲು. ವಿನ್‌ಮರ್ಜ್‌ನಲ್ಲಿ ಟೂಲ್ಸ್ ಕೆಳಗೆ ಜನರೇಟ್ ಪ್ಯಾಚ್ ಇದೆ, ಸ್ಟೈಲ್ ಯೂನಿಫೈಡ್ ಇರಲಿ. ಲಿನಕ್ಸ್‌ನಲ್ಲಿ ಡಿಫ್ ಕಮಾಂಡ್‌ಗೆ ಆರ್, ಯು, ದೊಡ್ಡ ಎನ್ ಅಂತ ಮೂರು ಆಪ್ಷನ್ ಕೊಟ್ಟು, ಮೊದಲು ಶುದ್ಧ ಫೋಲ್ಡರ್, ಆಮೇಲೆ ನಿಮ್ಮದು. ದೊಡ್ಡ ಎನ್ ಬಿಟ್ಟರೆ ಹೊಸ ಫೈಲಿನ ಒಳಗಿರುವುದು ಪ್ಯಾಚ್‌ಗೆ ಬರುವುದಿಲ್ಲ. ಚಿತ್ರ, ಫಾಂಟ್‌ನಂಥ ಬೈನರಿ ಫೈಲುಗಳೂ ಬರುವುದಿಲ್ಲ, ಬೇರೆ ಅಂತ ಒಂದು ಸಾಲು ಬರೆದು ಸುಮ್ನಾಗುತ್ತದೆ, ಅವನ್ನು ಬೇರೆಯಾಗಿ ಕಾಪಿ ಮಾಡಿ. ವಿಂಡೋಸ್‌ನ ಹಳೇ ಪವರ್‌ಶೆಲ್‌ನಲ್ಲಿ ಗಿಟ್ ಡಿಫ್ ಔಟ್‌ಪುಟ್ಟನ್ನು ಬಾಣದ ಗುರುತು ಹಾಕಿ ಫೈಲಿಗೆ ಕಳಿಸಿದರೆ ಅದು ಯುಟಿಎಫ್-16ರಲ್ಲಿ ಬರೆಯುತ್ತದೆ, ಆಮೇಲೆ ಗಿಟ್ ಅಪ್ಲೈ ಆ ಪ್ಯಾಚನ್ನು ಓದುವುದೇ ಇಲ್ಲ. ಗಿಟ್ ಬ್ಯಾಶ್‌ನಲ್ಲಿ ಮಾಡಿ.

ಸರ್ವರ್ ಮೇಲೆ ತಿದ್ದಿದ ಕೋಡ್ ಆದರೂ ದಾರಿ ಇದೇ. ಫೈಲ್‌ಜಿಲ್ಲಾದಲ್ಲಿ ಇಳಿಸಿಕೊಳ್ಳುವಾಗ ಟ್ರಾನ್ಸ್‌ಫರ್ ಟೈಪ್ ಬೈನರಿ ಇರಲಿ, ಆಸ್ಕಿ ಇದ್ದರೆ ಸಾಲಿನ ಕೊನೆ ಬದಲಾಗುತ್ತದೆ. ಅಪ್‌ಲೋಡ್ಸ್, ಕ್ಯಾಶ್, ಲಾಗ್ಸ್ ಫೋಲ್ಡರ್ ಬಿಡಿ. ಕೊನೆಯ ಸಲ ಡಿಪ್ಲಾಯ್ ಮಾಡಿದ ಕಮಿಟ್ ಜೊತೆ ಹೋಲಿಸಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಮಾತ್ರ ಕಮಿಟ್‌ಗೆ ತಳ್ಳಬೇಡಿ.

ವಾಪಸ್ ಹಾಕುವಾಗ ಹುಷಾರು

ಒಂದು ವಾರ ಬಿಟ್ಟು ಹೊಸ ಲ್ಯಾಪ್‌ಟಾಪ್ ಬಂತು, ಮೇನ್ ಬ್ರಾಂಚ್ ಎಳೆದುಕೊಂಡಿರಿ, ಎತ್ತಿಟ್ಟ ಫೈಲುಗಳನ್ನು ಅದರ ಮೇಲೆ ಕಾಪಿ ಮಾಡಿದಿರಿ. ಬಿಲ್ಡ್ ಆಯಿತು, ಖುಷಿ. ಆದರೆ ಆ ವಾರದಲ್ಲಿ ನಿಮ್ಮ ಜೊತೆಯವರು ಅದೇ ತೂಕದ ಫೈಲಿನಲ್ಲಿ ಇನ್ನೊಂದು ಬಗ್ ಸರಿ ಮಾಡಿದ್ದರೆ, ನೀವು ಅದನ್ನು ಅಳಿಸಿ ಹಾಕಿದ್ದೀರಿ. ಇಬ್ಬರ ಬದಲಾವಣೆ ಡಿಕ್ಕಿ ಹೊಡೆದಿದೆ, ಕಾನ್‌ಫ್ಲಿಕ್ಟ್, ಅಂತ ಗಿಟ್ ಕೂಗುವುದೂ ಇಲ್ಲ, ಅದರ ಕಣ್ಣಿಗೆ ನೀವು ಬೇಕಂತಲೇ ಆ ಸಾಲು ತೆಗೆದ ಹಾಗೆ.

ಎರಡು ಫೋಲ್ಡರ್ ಹೋಲಿಸಿದರೆ ಈ ತಪ್ಪು ಹಿಡಿಯಲು ಆಗುವುದಿಲ್ಲ. ವ್ಯತ್ಯಾಸ ಇದೆ ಅಂತ ಗೊತ್ತಾಗುತ್ತದೆ, ಯಾರು ಮಾಡಿದ್ದು ಅಂತ ಗೊತ್ತಾಗುವುದಿಲ್ಲ. ಮೂರು ಬೇಕು: ನೀವು ಶುರು ಮಾಡಿದ ಕಮಿಟ್, ನಿಮ್ಮ ಕಾಪಿ, ಈಗಿನ ಮೇನ್. ಕೆಡಿಫ್3, ಮೆಲ್ಡ್, ಈಚಿನ ವಿನ್‌ಮರ್ಜ್ ಮೂರರಲ್ಲೂ ಮೂರು ಪ್ರತಿ ಒಟ್ಟಿಗೆ ತೆರೆಯಬಹುದು. ಆದರೆ ಫೈಲು ಜಾಸ್ತಿ ಇದ್ದರೆ ಕಣ್ಣಲ್ಲಿ ಮಾಡುವುದು ಬೇಡ, ಗಿಟ್‌ಗೇ ಬಿಡಿ. ಬರೆದಿಟ್ಟ ಹ್ಯಾಶ್‌ನಿಂದ ಹೊಸ ಬ್ರಾಂಚ್ ತೆಗೆಯಿರಿ, ಎತ್ತಿಟ್ಟ ಫೈಲುಗಳನ್ನು ಅದರ ಮೇಲೆ ಹಾಕಿ, ಚೀಟಿ ನೋಡಿ ಅಳಿಸಬೇಕಾದ್ದನ್ನು ಅಳಿಸಿ, ಕಮಿಟ್ ಮಾಡಿ, ಆಮೇಲೆ ಮೇನ್ ಜೊತೆ ಮರ್ಜ್ ಮಾಡಿ. ಕಾನ್‌ಫ್ಲಿಕ್ಟ್ ಬರಬೇಕಾದ ಕಡೆ ಬರುತ್ತದೆ, ಬಂದರೆ ಒಳ್ಳೆಯದೇ.

ಮರ್ಜ್‌ಗೆ ಮುಂಚೆ, ಆ ಕಮಿಟ್ ಆದ ಕೂಡಲೇ, ಎತ್ತಿಟ್ಟ ಕಾಪಿ ಮತ್ತು ಹೊಸ ಬ್ರಾಂಚಿನ ಫೋಲ್ಡರನ್ನು ಇನ್ನೊಂದು ಸಲ ಹೋಲಿಸಿ. ನಿಮ್ಮ ಫೈಲುಗಳಲ್ಲಿ ಒಂದು ವ್ಯತ್ಯಾಸವೂ ಕಾಣಬಾರದು. ಪೆನ್‌ಡ್ರೈವ್ ಮೂಲಕ ಬಂದಿದ್ದರೆ ಶೆಲ್ ಸ್ಕ್ರಿಪ್ಟ್‌ಗಳ ರನ್ ಆಗುವ ಪರ್ಮಿಷನ್ ಹೋಗಿರುತ್ತದೆ, ಟೂಲ್ ಅದನ್ನು ತೋರಿಸದೇ ಇರಬಹುದು, ಲಿನಕ್ಸ್‌ನಲ್ಲಿ ಒಂದು ಸಲ ನೋಡಿಕೊಳ್ಳಿ. ಟೆಸ್ಟ್ ಓಡಿ, ಪುಶ್ ಆದ ಮೇಲೆ ಗಿಟ್ ವರ್ಕ್‌ಟ್ರೀ ರಿಮೂವ್ ಕೊಟ್ಟು ಶುದ್ಧ ಫೋಲ್ಡರ್ ತೆಗೆಯಿರಿ. ಎತ್ತಿಟ್ಟ ಕಾಪಿಯಲ್ಲಿ ಡಾಟ್ ಇಎನ್‌ವಿ ಇದ್ದರೆ ಅದನ್ನೂ ಪೆನ್‌ಡ್ರೈವಿನಿಂದ ಅಳಿಸಿಬಿಡಿ.